ಮಣ್ಣಿಗೆ ಹತ್ತಿರದ ದೇಶ

ಕುಣಿಗಲ್ಲಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರಾಗಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ರಜಾ ಅರ್ಜಿ ಬರೆದುಕೊಂಡು ಬಂದಿದ್ದಳು. ‘ಐ ವೆಂಟ್ ಟು ಮೈ ಗ್ರ್ಯಾಂಡ್‌ಫಾದರ್ಸ್ ಮಡ್’ ಎಂದಿತ್ತು. ತಾತನ ಮಣ್ಣಿಗೆ ಹೋಗಿದ್ದೆ, ಅದಕ್ಕೇ ಸ್ಕೂಲಿಗೆ ಬರಲಿಲ್ಲ ಎಂದು ಅವಳು ಹೇಳಬೇಕಾಗಿದ್ದದ್ದು. ನಮ್ಮ ಕಡೆ ಯಾರೂ ಅಂತ್ಯಸಂಸ್ಕಾರಕ್ಕೆ ಹೋಗುವುದಿಲ್ಲ, ಮಣ್ಣಿಗೆ ಹೋಗುತ್ತಾರೆ. ಸಾವಿನ ಸುದ್ದಿ ಬಂದ ತಕ್ಷಣ ಹೇಗಾಯಿತು, ಏನಾಗಿತ್ತು ಎಂದು ಕೇಳುವುದಕ್ಕಿಂತ ಮೊದಲು ‘ಮಣ್ಣು ಎಷ್ಟೊತ್ಗೆ?’ ಎಂದು ಕೇಳುತ್ತಾರೆ. ಗುಂಡಿಗೆ ಇಳಿಸಿದ ಮೇಲೆ ಬಂದವರೆಲ್ಲ ಮೂರು ಮೂರು ಹಿಡಿ ಹಾಕಬೇಕು. ಹಾಕಿದವರಿಗೆ ಮಣ್ಣು ಸಿಕ್ಕಿತು, ತಡವಾಗಿ ಬಂದವರಿಗೆ ಮಣ್ಣು ಸಿಗಲಿಲ್ಲ. ಇಷ್ಟೇ ಲೆಕ್ಕ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಆ ಹುಡುಗಿಗೆ ಇದ್ದ ಪದ ‘ಮಡ್’ ಒಂದೇ. ನಾನು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ ‘ಫ್ಯೂನರಲ್’ ಎಂದು ತಿದ್ದಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿ ನಗಿಸಿಯೂ ಬಿಟ್ಟೆ.

ಸಂಜೆ ಮನೆಗೆ ಬಂದು ಅಕ್ಕನಿಗೂ ಹೇಳಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ಅವಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತಿತ್ತು.

‘ಸರ್ಯಾಗೇ ಬರ್ದವ್ಳೆ ಕಣೇ. ನೀನ್ಯಾಕೆ ತಿದ್ದೋಕೋದೆ?’ ಅಂದಳು.

ನಾವು ಆಗ ತುಮಕೂರಿನ ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮೇಲೆ ಓನರ್ ಸಂಸಾರ, ಕೆಳಗೆ ನಾವು. ನಾನು, ಅವ್ವ, ಮತ್ತು ಕಾಯಿಲೆ ಬಿದ್ದ ಮೇಲೆ ಗಂಡನ ಊರಿನಿಂದ ಬಂದು ಸೇರಿಕೊಂಡಿದ್ದ ಅಕ್ಕ. ಅವಳು ನನಗಿಂತ ಬಹಳ ದೊಡ್ಡವಳು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರದ ಒಂದು ಹಳ್ಳಿಗೆ ಅವಳನ್ನು ಕೊಟ್ಟಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಮಕ್ಕಳಾಗಲಿಲ್ಲ. ನಲವತ್ತು ದಾಟಿದ ಮೇಲೆ ಗರ್ಭಕೋಶದಲ್ಲಿ ಕ್ಯಾನ್ಸರ್ ಬಂತು. ‘ಒಂದಿನಾನೂ ಕೆಲ್ಸ ಮಾಡ್ದಿರೋ ಗರ್ಭಕೋಶ. ಅದಕ್ಕೇನ್ ಆಯಾಸ ಆಯ್ತೋ ಕಾಣೆ’ ಎಂದು ಅವಳೇ ಹಾಸ್ಯ ಮಾಡುತ್ತಿದ್ದಳು. ಕೇಳಿದವರಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳುತ್ತಿದ್ದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಕರೆಂಟ್, ಅಂದರೆ ರೇಡಿಯೇಷನ್ ಕೊಡಿಸಿದೆವು. ಕ್ಯಾತ್ಸಂದ್ರದಲ್ಲೇ ಟ್ರೈನ್ ಹತ್ತಿ ಹೋಗುವುದು, ಕರೆಂಟ್ ಕೊಡಿಸಿಕೊಂಡು ಸಂಜೆ ಟ್ರೈನಿಗೆ ವಾಪಸ್ ಬರುವುದು. ಎಲ್ಲ ಮುಗಿದ ಮೇಲೆ ಡಾಕ್ಟರು ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಆಗಾಗ ಬಂದು ತೋರಿಸಿ ಎಂದರು. ಆ ‘ಸದ್ಯಕ್ಕೆ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಅಕ್ಕನನ್ನು ಬಿಟ್ಟು ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಯಾರೂ ಮರೆಯಲೂ ಇಲ್ಲ.

ಇದೇ ಹೊತ್ತಿಗೆ ನನಗೆ ಹೊರದೇಶದ ಮಾತು ಬಂತು. ನನ್ನ ಜೊತೆ ಎಂ.ಎ. ಓದಿದವಳೊಬ್ಬಳು ಬೆಂಗಳೂರಿನಲ್ಲಿ ಟೀಚರುಗಳನ್ನು ಹೊರಗೆ ಕಳಿಸುವ ಆಫೀಸಿನಲ್ಲಿದ್ದಳು. ಎರಡು ಸಾವಿರದ ಇಸವಿ ಕಳೆದ ಹೊಸತು. ಕುಣಿಗಲ್ ಹೈಸ್ಕೂಲಿನಲ್ಲಿ ಸಂಬಳ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ ಎಂಬಂತಿತ್ತು. ವರ್ಷಗಟ್ಟಲೆ ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಮಾಡಿಸಿ ಮಾಡಿಸಿ ನಾನೇ ಪ್ಯಾಸಿವ್ ಆಗಿಹೋಗಿದ್ದೆ. ಒಂದು ವರ್ಷದ ಕೆಲಸ, ಹೋಗಿ ಬಾ ಎಂದು ಆ ಗೆಳತಿ ಹೇಳಿದಾಗ ಮೊದಲು ನಕ್ಕುಬಿಟ್ಟೆ. ಇಂಟರ್‌ವ್ಯೂ ಆಯಿತು. ಆಯ್ಕೆಯೂ ಆಯಿತು. ಮೂರು ಜಾಗ ಖಾಲಿ ಇದೆ, ಯಾವುದು ಬೇಕು ಬೇಗ ಹೇಳು ಅಂದಳು.

ಒಂದು ಇಥಿಯೋಪಿಯಾ. ಗುಡ್ಡದ ಮೇಲಿನ ಊರಿನಲ್ಲಿ ಒಂದು ಕಾಲೇಜು. ದೊಡ್ಡ ಹುಡುಗ ಹುಡುಗಿಯರಿಗೆ ಕಥೆ, ನಾಟಕ, ಕವಿತೆ ಪಾಠ ಮಾಡಬೇಕು. ಎರಡನೆಯದು ಥಾಯ್ಲೆಂಡ್. ಆಫೀಸು ಮುಗಿಸಿ ಬರುವವರಿಗೆ ಸಂಜೆ ಹೊತ್ತು ಮಾತಾಡುವ ಇಂಗ್ಲಿಷ್ ಹೇಳಿಕೊಡುವುದು. ಮೂರನೆಯದು ಮಾಲ್ಡೀವ್ಸ್. ಒಂದು ದ್ವೀಪದ ಸ್ಕೂಲು, ಮತ್ತದೇ ಗ್ರಾಮರು. ನನಗೆ ಇಥಿಯೋಪಿಯಾ ಬೇಕಾಗಿತ್ತು. ಬೇಕಾಗಿತ್ತು ಎಂದರೆ ಸುಮ್ಮನೆ ಅಲ್ಲ. ಎಂ.ಎ. ಓದುವಾಗ ಮೈಮರೆತು ಓದಿದ್ದನ್ನೆಲ್ಲ ಒಂದು ಸಲವಾದರೂ ಯಾರಿಗಾದರೂ ಪಾಠ ಮಾಡಬೇಕು ಎಂಬ ಆಸೆ ನನ್ನೊಳಗೆ ಹಾಗೇ ಕೂತಿತ್ತು. ಕುಣಿಗಲ್ ಬಸ್ಸಿನಲ್ಲಿ ಹೆಬ್ಬೂರು ದಾಟುವಾಗ ಕಿಟಕಿಗೆ ತಲೆ ಆನಿಸಿ ಆ ಕಾಲೇಜಿನ ಮೊದಲ ಕ್ಲಾಸನ್ನು ಎಷ್ಟು ಸಲ ಪಾಠ ಮಾಡಿ ಮುಗಿಸಿದೆನೋ.

ಕಾಯಿಲೆಯವಳನ್ನು ಬಿಟ್ಟು ಹೋಗುವುದು ಹೇಗೆ ಎಂದು ನಾನು ಹಿಂಜರಿದರೆ ಅಕ್ಕ ಬೈದಳು. ‘ನನ್ ತಲೆ ಕಾಯ್ಕೊಂಡ್ ಕುಂತ್ರೆ ನಿಂಗೇನ್ ಪೆನ್ಷನ್ ಬರ್ತದಾ? ಒಂದ್ ವರ್ಸ ತಾನೆ, ಹೋಗ್ ಬಾ. ಅವ್ವ ಅವ್ಳೆ, ನಿಮ್ ಭಾವ ಬಂದ್ ಹೋಗ್ ಮಾಡ್ತಾರೆ. ಸದ್ಯಕ್ಕೆ ನಾನೂ ಇದೀನಿ.’

ಇಲ್ಲಿ ನಾನು ಅಪ್ಪನ ಮಣ್ಣಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ತೀರಿಕೊಂಡದ್ದು ತೊಂಬತ್ತರ ದಶಕದ ಮೊದಲಲ್ಲಿ, ನಾವು ಗುಬ್ಬಿಯಲ್ಲಿದ್ದಾಗ. ನಾನು ಬಿ.ಎ. ಓದುತ್ತಿದ್ದೆ. ಅಪ್ಪ ಒಂದು ತಿಂಗಳು ಹಾಸಿಗೆಯಲ್ಲಿದ್ದ. ಅದು ರಾಗಿ ಒಕ್ಕಣೆಯ ಕಾಲ. ಸೊಸೆ ತವರಿಗೆ ಹೋದರೆ ಕಣದ ಕೆಲಸ ಯಾರು ನೋಡುವವರು ಎಂದು ಅಕ್ಕನ ಅತ್ತೆ ಬಿಡಲಿಲ್ಲ. ಕಣ ಮುಗಿಸಿಕೊಂಡು ಬರುತ್ತೇನೆ ಎಂದು ಅಕ್ಕ ಹೇಳಿ ಕಳಿಸಿದ್ದಳು. ಅಪ್ಪ ಬಾಗಿಲ ಕಡೆ ಮುಖ ಮಾಡಿ ಮಲಗಿ ‘ದೊಡ್ಡವ್ಳು ಬಂದ್ಲಾ?’ ಎಂದು ಕೇಳುತ್ತಿದ್ದ. ಇನ್ನೂ ಇಲ್ಲ ಎಂದರೆ ಕಣ್ಣು ಮುಚ್ಚುತ್ತಿದ್ದ. ಕಣ ಮುಗಿಯುವುದಕ್ಕೆ ಮೊದಲೇ ಹೋದ.

ಸುದ್ದಿ ಹಳ್ಳಿಗೆ ತಲುಪಿದ್ದು ತಡ. ಅಲ್ಲಿಂದ ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇಲ್ಲಿ ಎತ್ತುವ ಮೊದಲು ಊರಿನ ಹಿರಿಯರು ಕೇಳಿದರು, ‘ಇನ್ಯಾರಾದ್ರೂ ಬರೋರವ್ರಾ?’ ಇದು ಎಲ್ಲ ಸಾವಿನಲ್ಲೂ ಕೇಳುವ ಮಾತು. ಇದ್ದಾರೆ ಎಂದರೆ ಕಾಯುತ್ತಾರೆ, ಇಲ್ಲ ಎಂದರೆ ಎತ್ತುತ್ತಾರೆ. ‘ದೊಡ್ಡ ಮಗ್ಳು ಬರ್ಬೇಕು’ ಅಂದಳು ಅವ್ವ. ಕಾದರು. ಹೊತ್ತು ಇಳಿಯಿತು. ಮತ್ತೆ ಕೇಳಿದರು, ಅವ್ವ ಮತ್ತೆ ಅದನ್ನೇ ಹೇಳಿದಳು. ಇನ್ನು ಕತ್ತಲಾದರೆ ಆಗುವುದಿಲ್ಲ ಎಂದು ಕೊನೆಗೆ ಯಾರೋ ಅವ್ವನ ಕೈ ಹಿಡಿದು ಎಬ್ಬಿಸಿದರು.

ಅಕ್ಕ ಬಂದಾಗ ಎಲ್ಲರೂ ಮನೆಗೆ ಬಂದು ಕಾಲು ತೊಳೆದಾಗಿತ್ತು. ಅವಳು ಒಳಗೆ ಬರಲಿಲ್ಲ. ಹೊಲಕ್ಕೆ ಓಡಿದಳು. ನಾನು ಹಿಂದೆಯೇ ಓಡಿದೆ. ಹಸಿ ಗುಡ್ಡೆಯ ಮೇಲೆ ಬಿದ್ದು ಎರಡೂ ಕೈಯಲ್ಲಿ ಕೆರೆಯುತ್ತಿದ್ದಳು. ‘ನಂಗೆ ಮಣ್ಣು ಸಿಗ್ಲಿಲ್ಲ, ನಂಗೆ ಮಣ್ಣು ಸಿಗ್ಲಿಲ್ಲ’ ಎಂದು ಒಂದೇ ಮಾತು. ನಾನೂ ಭಾವನೂ ಸೇರಿ ಎಳೆದುಕೊಂಡು ಬಂದೆವು. ಉಗುರುಗಳಲ್ಲಿ ರಕ್ತ ಬಂದಿತ್ತು.

ಆಮೇಲೆ ಆ ಮಾತು ಅವಳ ಬಾಯಲ್ಲಿ ಹಾಗೇ ಉಳಿಯಿತು. ಹಬ್ಬದಲ್ಲಿ ಏನೋ ಮಾತಿಗೆ ಮಾತು ಬೆಳೆದರೆ, ಭಾವ ಸಿಡುಕಿದರೆ, ಯಾರದೋ ಸಾವಿನ ಸುದ್ದಿ ಬಂದರೆ ಅದು ಹೊರಗೆ ಬರುತ್ತಿತ್ತು. ಅಪ್ಪನ ಮಣ್ಣು ಸಿಗಲಿಲ್ಲ ನನಗೆ. ಮನೆಯವರೆಲ್ಲ ಕೇಳಿ ಕೇಳಿ ಸೋತಿದ್ದೆವು. ನನ್ನ ಮನಸ್ಸಿನಲ್ಲಿ ಮಾತ್ರ ಒಂದು ಗಟ್ಟಿಯಾಗಿ ಕೂತಿತ್ತು: ಇವಳಿಗೆ ಏನಾದರೂ ಆದರೆ ನಾನು ಎಲ್ಲೇ ಇರಲಿ, ಮಣ್ಣಿಗೆ ಇರಬೇಕು.

ಈಗ ದೇಶ ಆರಿಸುವ ಭಾನುವಾರಕ್ಕೆ ಬರುತ್ತೇನೆ. ನಾನು ಸ್ಕೂಲಿನಿಂದ ಹಳೇ ಅಟ್ಲಾಸ್ ತಂದಿದ್ದೆ. ಅಕ್ಕ ಗೋಡೆಗೊರಗಿ ಕನಕಾಂಬರ ಕಟ್ಟುತ್ತಿದ್ದಳು. ಭಾವ ಹಳ್ಳಿಯಿಂದ ಬಂದು ಬಾಗಿಲಲ್ಲಿ ಕೂತಿದ್ದರು. ಇಥಿಯೋಪಿಯಾ ಎಲ್ಲಿದೆ ತೋರಿಸು ಎಂದು ಅಕ್ಕ ಕೇಳಿದಳು. ತೋರಿಸಿದೆ. ಅವಳು ಹೂವಿನ ದಾರದ ಒಂದು ತುದಿಯನ್ನು ನಮ್ಮೂರು ಇರಬೇಕಾದ ಜಾಗದ ಮೇಲೆ ಹೆಬ್ಬೆರಳಿನಲ್ಲಿ ಒತ್ತಿ, ಇನ್ನೊಂದನ್ನು ಸಮುದ್ರ ದಾಟಿಸಿ ಎಳೆದಳು.

‘ಇಷ್ಟುದ್ದಾನಾ! ಇಲ್ಲಿಂದ ನೀನು ನನ್ ಮಣ್ಣಿಗೆ ಬರೋ ಹೊತ್ಗೆ ತಿಥಿ ವಡೆ ಕೂಡ ಆರ್ಹೋಗಿರ್ತದೆ.’

‘ಬುಡ್ತು ಅನ್ನು!’ ಎಂದು ಅವ್ವ ಅಡುಗೆ ಮನೆಯಿಂದಲೇ ಕೂಗಿದಳು.

‘ಬುಡ್ತು, ಬುಡ್ತು’ ಎನ್ನುತ್ತಾ ಅಕ್ಕ ದಾರವನ್ನು ಥಾಯ್ಲೆಂಡಿಗೆ ತಿರುಗಿಸಿದಳು. ಆಮೇಲೆ ಮಾಲ್ಡೀವ್ಸ್. ಅಟ್ಲಾಸಿನಲ್ಲಿ ಅದು ಯಾರೋ ಪೆನ್ನು ಕೊಡವಿದ ಹಾಗೆ ನಾಲ್ಕು ಚುಕ್ಕೆ. ಕೇರಳದ ತುದಿಯಿಂದ ಉಗುರಿನಷ್ಟು ದೂರ. ‘ಇದೇನೇ, ಇದು ಗುಬ್ಬಿಯಿಂದ ಕುಣಿಗಲ್‌ಗೆ ಹೋದಂಗೆ’ ಅಂದಳು.

ಶುರು ಮಾಡಿದ್ದು ಅವಳೇ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. ಭಾವ ಒಳ್ಳೆಯ ಮನುಷ್ಯ, ತಮಾಷೆ ಮಾತ್ರ ಅವರಿಗೆ ಅರ್ಥವಾಗುವುದಿಲ್ಲ. ಅವರು ಗಂಭೀರವಾಗಿ ಲೆಕ್ಕ ಹಾಕಲು ಕೂತರು. ವಿಮಾನ ಎಷ್ಟೊತ್ತು, ತಿರುವನಂತಪುರದಿಂದ ಬೆಂಗಳೂರಿಗೆ ಎಷ್ಟೊತ್ತು, ಬೆಂಗಳೂರಿಂದ ಗುಬ್ಬಿಗೆ ರಾತ್ರಿ ಬಸ್ಸು ಉಂಟಾ, ಗುಬ್ಬಿಯಿಂದ ಹಳ್ಳಿಗೆ ಕಡೇ ಬಸ್ಸು ತಪ್ಪಿದರೆ ಯಾರ ಟೆಂಪೋ ಕಳಿಸಬಹುದು. ‘ಬೆಳಿಗ್ಗೆ ಫೋನ್ ಬಂದ್ರೆ ಮಾರ್ನೆ ದಿನದ್ ಹೊತ್ಗೆ ಬಂದ್ ಬುಡ್ಬೋದು. ಒಂದ್ ರಾತ್ರಿ ಇಟ್ಕೊಂಡ್ರೆ ಸಾಕು’ ಅಂದರು. ಯಾರನ್ನು ಒಂದು ರಾತ್ರಿ ಇಟ್ಟುಕೊಳ್ಳುವುದು ಎಂಬುದು ಬಾಯಿಂದ ಹೊರಗೆ ಬಂದ ಮೇಲೆ ಅವರಿಗೇ ಹೊಳೆಯಿತೇನೋ, ಎದ್ದು ಹೋಗಿ ನೀರು ಕುಡಿದರು. ಮೇಲಿನಿಂದ ಇಳಿದು ಬಂದಿದ್ದ ಓನರ್ ಮನೆಯಾಕೆಯೂ ಹತ್ತಿರದ್ದೇ ವಾಸಿ, ಏನಾದರೂ ಹೆಚ್ಚು ಕಮ್ಮಿ ಆದರೆ ಬರಬಹುದು ಎಂದರು. ಬುಡ್ತು ಅನ್ನು ಎಂದು ಕೂಗಿದ್ದ ಅವ್ವ ಕೂಡ ಕೈ ಒರೆಸಿಕೊಂಡು ಬಂದು ಅಟ್ಲಾಸಿನಲ್ಲಿ ಬಗ್ಗಿ ನೋಡಿ ‘ಇದೇ ಇರ್ಲಿ ಬುಡು’ ಅಂದಳು.

ನಾನೂ ಒಪ್ಪಿದೆ. ಇಥಿಯೋಪಿಯಾವನ್ನು ಅಲ್ಲೇ ಬಿಟ್ಟೆ. ಅಪ್ಪನ ಗುಡ್ಡೆಯ ಮೇಲೆ ಬಿದ್ದಿದ್ದ ಅಕ್ಕ ಕಣ್ಣ ಮುಂದೆ ಬಂದಳು. ಎಲ್ಲರ ಎದುರಿಗೆ ‘ಮಾಲ್ಡೀವ್ಸೇ ಸರಿ, ಅಲ್ಲಿಂದಾದ್ರೆ ಮಣ್ಣಿಗೆ ಬರ್ತೀನಿ’ ಎಂದೆ. ತಮಾಷೆಯ ಧಾಟಿಯಲ್ಲೇ ಅಂದದ್ದು, ಒಳಗೆ ಮಾತ್ರ ಆಣೆ ಮಾಡಿದಂತೆ ಅಂದೆ.

ಅಕ್ಕ ಅಟ್ಲಾಸನ್ನು ಆಚೆ ಸರಿಸಿ, ದಾರವನ್ನು ಬೆರಳಿಗೆ ಸುತ್ತಿಕೊಂಡು ಮತ್ತೆ ಹೂ ಕಟ್ಟಲು ಶುರು ಮಾಡಿದಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದಳು, ‘ಮಧ್ಯ ರಜ ಕೊಡ್ತಾರಾ?’

‘ಜೂನಲ್ಲಿ ಕೊಡ್ತಾರೆ. ಊರಿಗೆ ಬಂದು ಹೋಗೋ ಟಿಕೆಟ್ ಮಾತ್ರ ವರ್ಷಕ್ಕೆ ಒಂದೇ ಸಲ.’

‘ಒಂದ್ಸಲ ಸಾಕಲ್ಲ’ ಅಂದಳು.

ಜನವರಿಯಲ್ಲಿ ಹೊರಟೆ. ಸಣ್ಣ ದ್ವೀಪ. ಸ್ಕೂಲಿನಿಂದ ಯಾವ ಕಡೆ ನಡೆದರೂ ಬೇಗ ಸಮುದ್ರ ಸಿಕ್ಕಿಬಿಡುತ್ತಿತ್ತು. ಅಲ್ಲಿಯವರೂ ದೋಣಿಗೆ ದೋಣಿ ಎಂದೇ ಹೇಳುತ್ತಿದ್ದರು. ಅದೊಂದು ಪದ ಬಿಟ್ಟರೆ ಬೇರೇನೂ ನನ್ನದೆನಿಸಲಿಲ್ಲ. ಮಕ್ಕಳು ಒಳ್ಳೆಯವರು, ಗ್ರಾಮರು ಗ್ರಾಮರೇ. ಸಂಬಳ ಮಾತ್ರ ತಪ್ಪದೆ ಬರುತ್ತಿತ್ತು, ಬಂದದ್ದರಲ್ಲಿ ಮುಕ್ಕಾಲು ಪಾಲು ಮನೆಗೆ ಕಳಿಸುತ್ತಿದ್ದೆ. ಅಲ್ಲಿ ಶುಕ್ರವಾರ ರಜೆ. ಪ್ರತಿ ಶುಕ್ರವಾರ ಬೂತಿನಲ್ಲಿ ಫೋನ್ ಕಾರ್ಡು ಹಾಕಿ ಓನರ್ ಮನೆಯ ಫೋನಿಗೆ ಮಾಡುತ್ತಿದ್ದೆ. ಆಕೆ ಮೇಲಿನಿಂದ ಕೂಗಿದರೆ ಅಕ್ಕ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಏದುಸಿರು ಬಿಡುವುದು ಕೇಳಿಸುತ್ತಿತ್ತು. ಉಸಿರು ತಹಬಂದಿಗೆ ಬರುವವರೆಗೆ ನಾನು ಮಾತಾಡುತ್ತಿದ್ದೆ.

‘ಅಕ್ಕ, ಇಲ್ಲಿ ಮಣ್ಣೇ ಇಲ್ಲ ಕಣೇ. ಎಲ್ಲಿ ನೋಡಿದ್ರೂ ಬರೀ ಬಿಳೀ ಮರಳು.’

‘ಮತ್ತೆ ಸತ್ರೆ ಏನಾಕ್ತಾರೆ?’

‘ಮರಳೇ ಹಾಕ್ತಾರೆ.’

‘ಅಯ್ಯೋ ಪಾಪ’ ಎಂದು ನಕ್ಕಳು. ಆ ನಗು ಚೆನ್ನಾಗಿ ಕೇಳಿಸಿತು. ಆ ವರ್ಷ ನಾನು ಕೇಳಿದ ಅವಳ ಕೊನೆಯ ಒಳ್ಳೆಯ ನಗು ಅದು.

ಮೇ ತಿಂಗಳಲ್ಲಿ ಮತ್ತೆ ತೋರಿಸಿದಾಗ ಕಾಯಿಲೆ ಮರಳಿ ಬಂದಿದೆ ಎಂದರು. ಅವ್ವ ಫೋನಿನಲ್ಲಿ ಅತ್ತಳು. ಭಾವ ಫೋನು ತೆಗೆದುಕೊಂಡು ‘ಡಾಕ್ಟ್ರು ಇನ್ನು ಕರೆಂಟ್ ಬೇಡ ಅಂದ್ರು’ ಎಂದರು. ಬೇಡ ಎಂದರೆ ಏನರ್ಥ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ತಲೆ ತಕ್ಷಣ ಟಿಕೆಟ್ಟಿಗೆ ಓಡಿತು. ಒಂದೇ ಟಿಕೆಟ್ಟು. ಇನ್ನೊಂದು ಸಲ ಸ್ವಂತ ಖರ್ಚಿನಲ್ಲಿ ಬರುವಷ್ಟು ನನ್ನ ಹತ್ತಿರ ಉಳಿಯುತ್ತಿರಲಿಲ್ಲ. ಅದನ್ನು ಕಣ್ಣಿನಲ್ಲಿ ಕಣ್ಣಿಟ್ಟು ಕಾಪಾಡಿಕೊಳ್ಳಬೇಕು ಎಂದುಕೊಂಡೆ.

ಜೂನ್ ಹುಟ್ಟಿದ ಮೊದಲ ಶುಕ್ರವಾರ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಉಸಿರು ಹಿಡಿಯಲು ಬಹಳ ಹೊತ್ತು ಬೇಕಾಯಿತು.

‘ರಜ ಯಾವಾಗ?’

‘ಇನ್ನೇನು ಬಂತು.’

‘ಬರ್ತೀಯಾ?’

‘ಟಿಕೆಟ್ ಒಂದೇ ಅಲ್ವಾ ಅಕ್ಕ. ಇಟ್ಕೊಂಡಿರ್ತೀನಿ.’

ಯಾತಕ್ಕೆ ಇಟ್ಟುಕೊಂಡಿರುತ್ತೇನೆ ಎಂದು ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಲೈನು ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಅಂದೆ.

‘ಇದೀನಿ ಇದೀನಿ. ನಿಮ್ ಭಾವ ಊರಿಂದ ಹಲಸಿನಹಣ್ಣು ತಂದವ್ರೆ. ಚಂದ್ರ ತೊಳೆ, ಕೆಂಪುಗಿರ್ತದಲ್ಲ, ಆ ಮರದ್ದು. ನಿಂಗೆ ಇಷ್ಟ ಅಂತ ಕೇಳ್ದೆ ಅಷ್ಟೆ.’

‘ನೀನು ತಿನ್ನು, ನನ್ನ ಹೆಸ್ರು ಹೇಳ್ಕೊಂಡು.’

‘ಸರಿ ಬುಡು’ ಅಂದಳು.

ರಜೆಯಲ್ಲಿ ನಾನು ದ್ವೀಪದಲ್ಲೇ ಉಳಿದೆ. ಬೇರೆ ಟೀಚರುಗಳೆಲ್ಲ ಊರಿಗೆ ಹೋಗಿದ್ದರು. ಬೆಳಿಗ್ಗೆ ಎದ್ದು ಸಮುದ್ರ ನೋಡುವುದು, ಸಂಜೆಯೂ ಅದೇ ಸಮುದ್ರ. ಟಿಕೆಟ್ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹೆಡ್‌ಮಾಸ್ಟರ ಹತ್ತಿರ ಮೊದಲೇ ಮಾತಾಡಿ ಇಟ್ಟೆ. ಯಾವ ಹೊತ್ತಿನಲ್ಲಿ ಸುದ್ದಿ ಬಂದರೂ ನನ್ನನ್ನು ಬಿಡಬೇಕು. ಅವರು ಕೇರಳದವರು, ತಲೆಯಾಡಿಸಿದರು. ಬಟ್ಟೆ ತುಂಬಿದ ಒಂದು ಕೈಚೀಲವನ್ನು ಮಂಚದ ಕೆಳಗೆ ಸಿದ್ಧವಾಗಿ ಇಟ್ಟುಕೊಂಡೆ. ವಿಮಾನ, ಬಸ್ಸು, ಗುಬ್ಬಿಯ ಟೆಂಪೋ ಎಲ್ಲವನ್ನೂ ಭಾವನಷ್ಟೇ ಗಂಭೀರವಾಗಿ ಲೆಕ್ಕ ಹಾಕಿಕೊಂಡೆ.

ಆಗಸ್ಟಿನ ಹೊತ್ತಿಗೆ ಅಕ್ಕ ಮೆಟ್ಟಿಲು ಹತ್ತುವುದು ನಿಂತಿತು. ಅವ್ವನೇ ಬಂದು ಫೋನು ಹಿಡಿಯುತ್ತಿದ್ದಳು. ಅಕ್ಕ ಎಲ್ಲಿ ಎಂದರೆ ‘ಮಲಗವ್ಳೆ ಕಣವ್ವ’. ಏನಾದರೂ ಹೇಳಿದಳಾ ಎಂದರೆ ‘ಉಂಡ್ಯಾ ಅಂತ ಕೇಳು ಅಂದ್ಲು’. ಪ್ರತಿ ವಾರ ಇದೇ. ಸೆಪ್ಟೆಂಬರಿನಲ್ಲಿ ಒಂದು ಶುಕ್ರವಾರ ಅವ್ವನ ದನಿ ಕಟ್ಟಿದಂತಿತ್ತು. ನೆಗಡಿ ಎಂದಳು. ‘ಅಕ್ಕ?’ ಎಂದೆ. ‘ಮಲಗವ್ಳೆ’ ಎಂದಳು. ಮುಂದಿನ ಶುಕ್ರವಾರವೂ ಕೇಳಿದೆ. ‘ಮಲಗವ್ಳೆ, ಬುಡು’ ಅಂದಳು. ಉಂಡ್ಯಾ ಅಂತ ಕೇಳಿದಳಾ ಎಂದು ನಾನೇ ಕೇಳಿದ್ದಕ್ಕೆ ಅವ್ವ ಉತ್ತರ ಕೊಡದೆ ಫೋನನ್ನು ಓನರ್ ಮನೆಯಾಕೆಗೆ ಕೊಟ್ಟುಬಿಟ್ಟಳು. ಆಕೆ ಏನೋ ಮಳೆಯ ಮಾತಾಡಿದರು.

ಎರಡು ದಿನ ಬಿಟ್ಟು ಸ್ಕೂಲಿನ ಫೋನಿಗೆ ಭಾವ ಮಾಡಿದರು. ನನ್ನನ್ನು ಕ್ಲಾಸಿನಿಂದ ಕರೆಸಿದರು. ಓಡುತ್ತಾ ಹೋಗುವಾಗಲೇ ಮಂಚದ ಕೆಳಗಿನ ಚೀಲ ನೆನೆಸಿಕೊಂಡೆ. ಫೋನು ಎತ್ತಿದವಳೇ ‘ಭಾವ, ಮಣ್ಣು ಎಷ್ಟೊತ್ಗೆ?’ ಎಂದೆ. ಅಕ್ಕ ಹೋದಳಾ ಎಂದಲ್ಲ. ನಮ್ಮವರೆಲ್ಲ ಕೇಳುವ ಹಾಗೆ ಮೊದಲು ಅದನ್ನೇ ಕೇಳಿದೆ.

ಭಾವ ‘ಮಣ್ಣಾಯ್ತು ಕಣಮ್ಮ. ನಿನ್ನೆ ತಿಥಿನೂ ಮುಗೀತು’ ಎಂದರು.

ಹೆಡ್‌ಮಾಸ್ಟರು ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು. ಯಾವಾಗ ಹೊರಡುತ್ತೀರಿ, ದೋಣಿಗೆ ಹೇಳಲಾ, ಫ್ಯೂನರಲ್ ಯಾವಾಗ ಎಂದು ಇಂಗ್ಲಿಷಿನಲ್ಲಿ ಕೇಳಿದರು. ‘ದ ಮಡ್ ಈಸ್ ಓವರ್, ಸರ್’ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಬಾಯಿಂದ ಏನು ಬಂತೆಂದು ನನಗೂ ಅರ್ಥವಾದದ್ದು ಆಮೇಲೆ, ಮತ್ತೆ ಕ್ಲಾಸಿಗೆ ಹೋಗಿ ಬೋರ್ಡಿನ ಮುಂದೆ ನಿಂತಾಗ.

ನಾನು ಊರಿಗೆ ಹೋಗಲಿಲ್ಲ. ಹೋಗಿ ಏನು ಮಾಡಲಿ? ಟಿಕೆಟ್ಟು ಹಾಗೇ ಉಳಿಯಿತು. ದುಃಖಕ್ಕಿಂತ ನನಗೆ ಸಿಟ್ಟು ಬಂದಿತ್ತು. ಮೈಯೆಲ್ಲ ಉರಿಯುವಂಥ ಸಿಟ್ಟು. ನನಗೆ ಬೇಕಾದ ದೇಶ ಬಿಟ್ಟು, ಬೇಡದ ದ್ವೀಪದಲ್ಲಿ ಚೀಲ ಕಟ್ಟಿಕೊಂಡು ಕೂತದ್ದು ಇದಕ್ಕೇನಾ? ಒಂದು ಫೋನು ಮಾಡಲು ಯಾರ ಕೈ ಸೇದಿಹೋಗಿತ್ತು? ಭಾವನ ಮೇಲೆ ಸಿಟ್ಟು, ಮಳೆಯ ಮಾತಾಡಿದ ಓನರ್ ಮನೆಯಾಕೆಯ ಮೇಲೆ ಸಿಟ್ಟು. ಎರಡು ಶುಕ್ರವಾರ ಮಲಗವ್ಳೆ ಮಲಗವ್ಳೆ ಎಂದ ಅವ್ವನ ಮೇಲಂತೂ ಹೇಳತೀರದಷ್ಟು. ಶುಕ್ರವಾರದ ಫೋನನ್ನು ನಿಲ್ಲಿಸಿಬಿಟ್ಟೆ. ದುಡ್ಡು ಕಳಿಸಿದೆ, ಮಾತಾಡಲಿಲ್ಲ.

ವರ್ಷ ಮುಗಿದು ಡಿಸೆಂಬರಿನಲ್ಲಿ ಬಂದೆ. ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು ಮನೆಗೆ ಹೋದಾಗ ಅವ್ವ ಜಗುಲಿಯ ಮೇಲೆ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿ ಎದ್ದು ಬರಲಿಲ್ಲ. ನಾನೂ ಕಾಲಿಗೆ ಬೀಳಲಿಲ್ಲ. ಚೀಲ ಇಟ್ಟು ನಿಂತುಕೊಂಡೇ ಕೇಳಿದೆ.

‘ನಂಗೆ ಯಾಕೆ ತಿಳಿಸ್ಲಿಲ್ಲ? ಯಾರು ಬೇಡ ಅಂದದ್ದು? ಭಾವನಾ?’

‘ಅವ್ಳೇ’ ಅಂದಳು ಅವ್ವ.

ಕಾಳನ್ನು ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಪಾತ್ರೆಗೆ ಬೀಳುತ್ತಿತ್ತು. ಅದನ್ನು ಬಿಡದೆ ಮಾಡುತ್ತಲೇ ಹೇಳಿದಳು. ‘ಅವಳ್ಗೆ ಹೇಳ್ಬೇಡಿ, ಮಣ್ಣಿಗೆ ಅಂತ ಓಡ್ಬರೋದ್ ಬೇಡ, ಎಲ್ಲಾ ಮುಗುದ್ಮೇಲೆ ಹೇಳಿ ಅಂತ ನಿಮ್ ಭಾವನ ಕೈಲಿ, ನನ್ ಕೈಲಿ ಭಾಷೆ ತಗಂಡ್ಲು. ಹಳ್ಳೀಗೆ ತಗಂಡ್ ಹೋದ್ವಿ. ಎತ್ತೋ ಮುಂಚೆ ಕೇಳಿದ್ರು, ಇನ್ಯಾರಾದ್ರೂ ಬರೋರವ್ರಾ ಅಂತ. ಎಲ್ರೂ ನನ್ ಮಖ ನೋಡಿದ್ರು. ಯಾರೂ ಇಲ್ಲ, ಎತ್ರಪ್ಪ ಅಂದೆ.’

ನಾನು ಕಿರುಚಿದೆ. ಓನರ್ ಮನೆಯ ಕಿಟಕಿ ತೆರೆದದ್ದು ಕಾಣಿಸಿತು, ಲೆಕ್ಕಿಸಲಿಲ್ಲ. ಅಪ್ಪನ ಮಣ್ಣು ಸಿಗಲಿಲ್ಲ ಎಂದು ಉಗುರು ಕಿತ್ತುಹೋಗುವಂತೆ ಕೆರೆದವಳು ಅವಳು. ಇಷ್ಟು ವರ್ಷ ಅದೊಂದನ್ನೇ ಹೇಳಿ ನಮ್ಮನ್ನೆಲ್ಲ ಗೋಳು ಹೊಯ್ದುಕೊಂಡವಳು. ಬೇರೆ ಯಾರಾದರೂ ಮಾಡಿದ್ದರೆ ಸರಿ, ಅವಳು ನನಗೆ ಹೀಗೆ ಮಾಡಬಹುದಾ?

ಅವ್ವ ನಾನು ಸುಮ್ಮನಾಗುವವರೆಗೆ ಕಾದಳು. ‘ನಾನೂ ಅದನ್ನೇ ಕೇಳ್ದೆ ಕಣವ್ವ. ಮಣ್ಣು ಸಿಗ್ದಿದ್ರೆ ಹೆಂಗಾಯ್ತದೆ ಅಂತ ನಿಂಗೇ ಗೊತ್ತಲ್ಲೇ ಅಂದೆ. ಅದ್ಕೆ ಅವ್ಳು ಅಂದ್ಲು, ಮಣ್ಣಿಗಲ್ಲ ಕಣವ್ವ ನಾನ್ ಅತ್ತಿದ್ದು ಅಂತ. ಅಪ್ಪ ಒಂದ್ ತಿಂಗ್ಳು ಬಾಗ್ಲು ನೋಡ್ಕಂಡ್ ಮಲ್ಗಿದ್ನಲ್ಲ, ಕಣ ಬುಟ್ಟು ಒಂದ್ಸಲ ಬಂದ್ ಹೋಗ್ಲಿಲ್ವಲ್ಲ ನಾನು, ಅದ್ಕೆ ಅತ್ತಿದ್ದು ಅಂದ್ಲು. ಅತ್ತೆ ಮನೇರ್ ಮುಂದೆ ಅದ್ನೆಂಗ್ ಬಾಯ್ಬುಟ್ ಹೇಳ್ಳಿ, ಮಣ್ಣು ಸಿಗ್ಲಿಲ್ಲ ಅಂದ್ಕಂಡ್ ಅತ್ಕಂಡೆ ಅಂದ್ಲು.’

ನಾನು ಜಗುಲಿಯ ಮೇಲೆ ಕೂತೆ.

ಅವ್ವ ಅವರೆಯ ಪಾತ್ರೆಯನ್ನು ನಮ್ಮಿಬ್ಬರ ನಡುವೆ ಸರಿಸಿದಳು. ನನ್ನ ಕಡೆ ನೋಡಲಿಲ್ಲ.

‘ಜೂನಲ್ಲಿ ಆ ಹಲಸಿನಹಣ್ಣು ಬಂದಿತ್ತಲ್ಲ. ಮನೆಯೆಲ್ಲಾ ಘಮ್ ಅಂತಿತ್ತು. ಕುಯ್ಯೋಣ ಕಣೇ ಅಂದ್ರೆ ಬುಡ್ಲಿಲ್ಲ. ತಂಗಿ ಬಾಯಲ್ಲಿ ಹಂಗಂತಾಳೆ ಅಷ್ಟೆ, ರಜ ಇನ್ನೂ ಐತೆ, ಬಂದ್ರೂ ಬಂದಾಳು ಅಂತ ಮಂಚದ್ ಪಕ್ಕದಲ್ಲೇ ಇಟ್ಕೊಂಡಿದ್ಲು. ಒಳಗೇ ಕೊಳ್ತೋಯ್ತು.’